ಭೂಕಂಪ ಪರಿಹಾರದ ಸುಂಕ ರಿಯಾಯಿತಿ: ಕಚ್ಛ್ ಕಲಿಸುವ ಪಾಠ

ವಿಪತ್ತಿನ ತರುವಾಯ ಸರ್ಕಾರವು ನೀಡುವ ನೆರವು ಎರಡು ಬಗೆಯದು: ಬೊಕ್ಕಸದಿಂದ ನೇರವಾಗಿ ವ್ಯಯಿಸುವ ಹಣ ಒಂದು, ಬರಬೇಕಾದ ತೆರಿಗೆಯನ್ನು ಬಿಟ್ಟುಕೊಡುವುದು ಇನ್ನೊಂದು. 2001ರ ಜನವರಿ 26ರಂದು ಗುಜರಾತಿನ ಕಚ್ಛ್ ಜಿಲ್ಲೆಯಲ್ಲಿ ಸಂಭವಿಸಿದ ಭೂಕಂಪದ ನಂತರ ಎರಡೂ ಬಳಕೆಯಾದವು. ಪುನರ್ನಿರ್ಮಾಣಕ್ಕೆ ವಿಶ್ವಬ್ಯಾಂಕ್ ಹಾಗೂ ಏಷ್ಯನ್ ಅಭಿವೃದ್ಧಿ ಬ್ಯಾಂಕುಗಳ ಸಾಲವೂ ಒದಗಿತು. ಕೈಗಾರಿಕೆಗಳನ್ನು ಆಕರ್ಷಿಸಲು ಕೇಂದ್ರ ಸರ್ಕಾರವು 2001ರ ಜುಲೈ 31ರಂದು 39/2001ನೇ ಅಧಿಸೂಚನೆಯನ್ನು ಹೊರಡಿಸಿತು.

ಇದರನ್ವಯ ಹೊಸ ಘಟಕವು ಮೊದಲು ಸೆನ್‌ವ್ಯಾಟ್ ಜಮೆಯನ್ನು ಬಳಸಿ, ಉಳಿದ ಕೇಂದ್ರ ಅಬಕಾರಿ ಸುಂಕವನ್ನು ನಗದಾಗಿ ಪಾವತಿಸಬೇಕಿತ್ತು. ಆ ನಗದು ಭಾಗವು ಐದು ವರ್ಷಗಳವರೆಗೆ ಮರುಪಾವತಿಯಾಗುತ್ತಿತ್ತು. ಉದಾಹರಣೆಗೆ, ಸುಂಕ 10 ಲಕ್ಷ ರೂ., ಜಮೆ 6 ಲಕ್ಷ ರೂ. ಆಗಿದ್ದರೆ ಮರಳುತ್ತಿದ್ದುದು 4 ಲಕ್ಷ ರೂ.

2008ರಲ್ಲಿ ಸರ್ಕಾರವು ಈ ಮರುಪಾವತಿಯನ್ನು ಮೌಲ್ಯವರ್ಧನೆಯ ಪ್ರಮಾಣಕ್ಕೆ ಸೀಮಿತಗೊಳಿಸಿತು. ಕೊಟ್ಟ ಭರವಸೆಗೆ ಸರ್ಕಾರವು ಬದ್ಧವೆಂದು ವಾದಿಸಿ ಉದ್ಯಮಿಗಳು ನ್ಯಾಯಾಲಯದ ಮೊರೆಹೊಕ್ಕರು. ಗುಜರಾತ್ ಉಚ್ಚ ನ್ಯಾಯಾಲಯದಲ್ಲಿ ಗೆದ್ದರು. ಆದರೆ 2020ರ ಏಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯವು, ದುರುಪಯೋಗ ತಡೆಯುವ ಸಾರ್ವಜನಿಕ ಹಿತದ ಕ್ರಮವೆಂದು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಆದ್ದರಿಂದ ಮರುಪಾವತಿಯ ಹಣವನ್ನೇ ನೆಚ್ಚಿ ಸಾಲದ ಕಂತನ್ನು ನಿಗದಿಪಡಿಸಿಕೊಳ್ಳುವುದು ಸಲ್ಲದು. ರಿಯಾಯಿತಿಯಿಲ್ಲದೆಯೂ ಘಟಕವು ಲಾಭದಲ್ಲಿ ನಡೆಯುವುದೇ ಎಂಬ ಲೆಕ್ಕವನ್ನು ಉದ್ಯಮಿಯು ಬಂಡವಾಳ ಹೂಡುವ ಮುನ್ನವೇ ಹಾಕತಕ್ಕದ್ದು.