ಕಲ್ಯಾಣದ ಬೀದಿಗಳಲ್ಲಿ ಕಾಲ್ನಡಿಗೆ

'ಯಾತ್ರೆ' ಎಂಬ ಶಬ್ದವು ಹೋಗು ಎಂಬರ್ಥದ 'ಯಾ' ಧಾತುವಿನಿಂದ ಹುಟ್ಟಿದುದು. 'ಜಂಗಮ' ಶಬ್ದಕ್ಕೂ ಹೋಗು ಎಂಬರ್ಥದ 'ಗಮ್' ಧಾತುವೇ ಮೂಲ. 'ಸ್ಥಾವರ'ವಾದರೋ ನಿಲ್ಲು ಎಂಬರ್ಥದ 'ಸ್ಥಾ' ಧಾತುವಿನಿಂದ ಬಂದಿತು. ಈ ಮೂರನ್ನೂ ಒತ್ತಟ್ಟಿಗಿಟ್ಟು ನೋಡಿದರೆ ಒಂದು ವಿಚಾರವು ಹೊಳೆಯುವುದು. ಯಾತ್ರಿಕನು ನಿಂತುದನ್ನು ನೋಡುವುದಕ್ಕಾಗಿ ನಡೆದುಹೋಗುತ್ತಾನೆ. ಆದರೆ ನಿಂತುದನ್ನಷ್ಟೇ ನೋಡಿ ಮರಳಿದವನ ಯಾತ್ರೆಯು ಅರ್ಧಫಲವುಳ್ಳದ್ದು. ಅಲ್ಲಿಂದ ಚಲಿಸಿದುದನ್ನೂ ಅರಿತವನದೇ ಪೂರ್ಣಫಲವುಳ್ಳದ್ದು.

ಬೆಂಗಳೂರಿನ ಪಶ್ಚಿಮದಲ್ಲಿ ಹೊಸಹಳ್ಳಿಯುಂಟು. ಹೆಸರು ಹಳ್ಳಿಯದಾದರೂ ಇಂದು ಅದು ಮಹಾನಗರದೊಳಗೆ ಸೇರಿಹೋಗಿದೆ. ಅದರ ಸಮೀಪದ ಬಡಾವಣೆಗೆ ಬಸವೇಶ್ವರನಗರವೆಂದೇ ಹೆಸರು. ಅಲ್ಲಿಯ ಭಕ್ತರು ಮನೆಯ ವಿಳಾಸ ಬರೆಯುವಾಗ, ಬಸ್ಸು ಹತ್ತುವಾಗ, ದಿನಕ್ಕೆ ಹಲವು ಬಾರಿ ಆ ಹೆಸರನ್ನು ಉಚ್ಚರಿಸುವರು. ಹೆಸರು ನಾಲಗೆಗೆ ಪರಿಚಿತವಾದಷ್ಟೂ ಅದರ ಅರ್ಥವು ಮನಸ್ಸಿನಿಂದ ಜಾರುವುದು ಲೋಕರೂಢಿ. ಆದಕಾರಣ ಆ ಹೆಸರಿನ ಮೂಲವನ್ನು ಅರಸುತ್ತ ನಾಡಿನ ಉತ್ತರದ ತುದಿಯಲ್ಲಿರುವ ಬಸವಕಲ್ಯಾಣಕ್ಕೆ ಹೋಗಿ, ಆ ಚಿಕ್ಕ ಊರನ್ನು ಕಾಲ್ನಡಿಗೆಯಲ್ಲಿ ನೋಡುವುದು ಉಚಿತ. ಅದು ಬೀದರ ಜಿಲ್ಲೆಯ ಒಂದು ತಾಲ್ಲೂಕಿನ ಮುಖ್ಯ ಊರು. ಹಿಂದೆ ಕಲ್ಯಾಣ, ಕಲ್ಯಾಣಿ ಎಂದು ಕರೆಯಿಸಿಕೊಳ್ಳುತ್ತಿದ್ದ ಈ ಸ್ಥಳಕ್ಕೆ 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಬಸವಕಲ್ಯಾಣವೆಂಬ ಹೆಸರಾಯಿತು.

ಮೊದಲು ಕಣ್ಣನ್ನು ಸೆಳೆಯುವುದು ಕೋಟೆ. 11ನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಇದರ ವೈಭವವು ಶಿಖರಕ್ಕೇರಿತು. ಅನಂತರ ಕಳಚುರಿ ಬಿಜ್ಜಳನು ಸಿಂಹಾಸನವನ್ನು ವಶಪಡಿಸಿಕೊಂಡನು. ಆದರೆ ಇಂದು ಕಾಣುವ ಗೋಡೆ ಬುರುಜುಗಳು ಬಹುಮಟ್ಟಿಗೆ ಬಹಮನಿ ಕಾಲದವು, ಅದರ ಮುಂದಿನವು. ಚಾಲುಕ್ಯರ ಕೆತ್ತನೆಯ ಕಲ್ಲುಗಳು ಬೇರೆಯವರು ಕಟ್ಟಿದ ಗೋಡೆಯಲ್ಲಿ ಸೇರಿಕೊಂಡಿವೆ. ಬಹಮನಿಗಳು, ಬರೀದರು, ಆದಿಲಶಾಹಿಗಳು ಬಂದುಹೋದರು. 1657ರಲ್ಲಿ ಔರಂಗಜೇಬನು ಇದನ್ನು ಗೆದ್ದನು. ಆಮೇಲೆ ನಿಜಾಮರ ಅಧೀನದ ನವಾಬರು ಆಳಿದರು. ಒಬ್ಬರ ಕಲ್ಲು ಇನ್ನೊಬ್ಬರ ಗೋಡೆ. ಅವರ ಗೋಡೆ ಮತ್ತೊಬ್ಬರ ಸ್ವತ್ತು. ಸ್ಥಾವರದ ಸ್ವಭಾವವನ್ನು ಕಲಿಯಲು ಇದಕ್ಕಿಂತ ಉತ್ತಮವಾದ ಪಾಠಶಾಲೆ ಬೇಕಿಲ್ಲ.

ಕೋಟೆಯಿಂದ ಊರೊಳಗೆ ಬಂದರೆ ನಡುವೆ ಬಸವೇಶ್ವರ ದೇವಸ್ಥಾನವಿದೆ. ದರ್ಶನ ಮಾಡಿ ಮುಂದೆ ನಡೆದವನಿಗೆ ಪರುಷಕಟ್ಟೆಯನ್ನು ತೋರಿಸುವರು. ಬಸವಣ್ಣನವರು ಅಲ್ಲಿ ಕುಳಿತು ಜನರ ಸುಖದುಃಖಗಳನ್ನು ಕೇಳುತ್ತಿದ್ದರೆಂದು ಊರವರ ನಂಬುಗೆ. 'ಬಂದವರ ಓಣಿ' ಎಂಬ ಇನ್ನೊಂದು ಹೆಸರನ್ನೂ ಗಮನಿಸತಕ್ಕದ್ದು. ದೂರದೇಶಗಳಿಂದ ಬಂದ ಶರಣರು ಇಳಿದುಕೊಂಡ ಜಾಗವೆಂಬುದು ಐತಿಹ್ಯ. ಲೋಕದಲ್ಲಿ ಓಣಿಗಳಿಗೆ ಜಾತಿಯ ಹೆಸರೋ ಸಿರಿವಂತರ ಹೆಸರೋ ಇರುವುದು ವಾಡಿಕೆ. ಇಲ್ಲಿಯದು ಅತಿಥಿಯ ಹೆಸರು.

ಇದೇ ಊರಿನಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ತಂದೆಯ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ಪ್ರಸಿದ್ಧ ಸಿದ್ಧಾಂತ. ಶತಮಾನಗಳ ಕಾಲ ನ್ಯಾಯಸ್ಥಾನಗಳು ಅದನ್ನು ಪ್ರಮಾಣವೆಂದು ಎತ್ತಿಹಿಡಿದವು. ಕೆಲವೇ ದಶಕಗಳ ಬಳಿಕ ಅದೇ ಬೀದಿಗಳಲ್ಲಿ ಶರಣರು ಬೇರೊಂದು ಮಾತನ್ನಾಡಿದರು. ಹುಟ್ಟಿನಿಂದ ಹೊಲಮನೆ ಬರಬಹುದು, ಹಿರಿಮೆ ಬಾರದು ಎಂಬುದೇ ಅವರ ನಿಲುವಿನ ತಾತ್ಪರ್ಯ. ಕಲ್ಯಾಣದ ವಿದ್ವತ್ತು ಒಂದು ಪ್ರಶ್ನೆಗೆ ಉತ್ತರ ಹೇಳಿತು. ಕಲ್ಯಾಣದ ಅನುಭಾವವು ಅದಕ್ಕಿಂತ ಹಿರಿದಾದ ಪ್ರಶ್ನೆಯನ್ನು ಎತ್ತಿತು.

ಊರೊಳಗೂ ಊರಂಚಿನಲ್ಲೂ ಶರಣರ ಹೆಸರಿನ ಗವಿಗಳು, ಹೊಂಡಗಳು ಇವೆ. ಅಕ್ಕನಾಗಮ್ಮನವರ ಗವಿ, ನುಲಿಯ ಚಂದಯ್ಯನವರ ಗವಿ, ಅಂಬಿಗರ ಚೌಡಯ್ಯನವರ ಗವಿ, ಮಡಿವಾಳ ಮಾಚಿದೇವರ ಹೊಂಡ, ಹೀಗೆ. ಇವೆಲ್ಲ ಶಾಸನದ ಆಧಾರಕ್ಕಿಂತ ಜನರ ನೆನಪಿನ ಆಧಾರದಿಂದ ಉಳಿದ ಸ್ಥಳಗಳೆಂಬುದನ್ನು ತಿಳಿದೇ ನೋಡಬೇಕು. ಆ ನೆನಪು ಯಾರನ್ನು ಉಳಿಸಿಕೊಂಡಿದೆ ಎಂಬುದೇ ಇಲ್ಲಿ ಮುಖ್ಯ. ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು. ಕೋಟೆಯನ್ನಾಳಿದವರಲ್ಲಿ ಎಷ್ಟು ಮಂದಿಯ ಹೆಸರು ಊರಿನ ಮಕ್ಕಳ ಬಾಯಲ್ಲಿದೆ? ಚಂದಯ್ಯನವರು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತೆಂದೂ, ಅವರು ಕಾಯಕವನ್ನು ನಿಲ್ಲಿಸದೆ ಹೊರೆ ಹೊತ್ತು ನಡೆದರೆಂದೂ, ಲಿಂಗವೇ ಅವರ ಬೆನ್ನುಹತ್ತಿ ಬಂದಿತೆಂದೂ ಕಥೆಯುಂಟು. ಲಿಂಗವನ್ನು ಕಡೆಗಣಿಸಬೇಕೆಂಬುದು ಇದರ ಅಭಿಪ್ರಾಯವಲ್ಲ. ದುಡಿದು ದಾಸೋಹ ಮಾಡುವವನನ್ನು ಲಿಂಗವು ಅಗಲದೆಂಬುದೇ ಅಭಿಪ್ರಾಯ.

ಊರ ಹೊರಗೆ ತ್ರಿಪುರಾಂತಕ ಕೆರೆ. ಅದರ ಪರಿಸರದಲ್ಲಿ ಈಗಿರುವ ಅನುಭವಮಂಟಪವನ್ನು 20ನೆಯ ಶತಮಾನದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಪರಿಶ್ರಮದಿಂದ ಕಟ್ಟಿಸಿದರು. 2021ರ ಜನವರಿಯಲ್ಲಿ ಹೊಸ ಅನುಭವಮಂಟಪಕ್ಕೆ ಸರ್ಕಾರದಿಂದ ಅಡಿಗಲ್ಲು ಹಾಕಲಾಯಿತು. 770 ಅಮರಗಣಗಳ ನೆನಪಿಗೆ ಅಷ್ಟೇ ಕಂಬಗಳು ಅದರ ಯೋಜನೆಯಲ್ಲಿವೆ. ಕಂಬಗಳು ಏಳಲಿ, ಒಳ್ಳೆಯದೇ. ಆದರೆ 12ನೆಯ ಶತಮಾನದ ಮಂಟಪಕ್ಕೆ ಬೆಲೆ ತಂದವರು ಅದರಲ್ಲಿ ಸರಿಸಮನಾಗಿ ಕುಳಿತ ಸ್ತ್ರೀಪುರುಷರು.

ಕಲ್ಯಾಣದಲ್ಲಿ ಹರಳಯ್ಯನವರ ಹೆಸರು ಕೇಳಿದಾಗ ಯಾತ್ರಿಕನು ನಿಲ್ಲಲೇಬೇಕು. ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸರ ಮಗಳಿಗೂ ವಿವಾಹವಾಯಿತು. ಇಬ್ಬರು ತಂದೆಯರೂ ಶರಣರಾಗಿದ್ದುದರಿಂದ ಅವರಿಗೆ ಅದು ಸಹಜವಾದ ಸಂಬಂಧ. ರಾಜಸಭೆಗೆ ಅದು ಘೋರಾಪರಾಧ. ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದೂ, ಅದರಿಂದ ಕಲ್ಯಾಣವು ಕದಡಿತೆಂದೂ ಪರಂಪರೆ ಹೇಳುತ್ತದೆ. ಬಿಜ್ಜಳನ ಆಳ್ವಿಕೆ ಮುಗಿದುದು 1167-68ರ ಸುಮಾರಿನಲ್ಲಿ.

ಶರಣರು ಚದುರಿದರು. ಚನ್ನಬಸವಣ್ಣನವರೂ ಅವರ ಸಂಗಡಿಗರೂ ಉಳವಿಯ ಕಡೆಗೆ ನಡೆದರು. ಅರಮನೆ, ಮಂಟಪ, ಮನೆಗಳು ಇದ್ದಲ್ಲಿಯೇ ಉಳಿದವು. ವಚನದ ಕಟ್ಟುಗಳು ಮಾತ್ರ ಮನುಷ್ಯರ ಹೆಗಲೇರಿ ಹೊರಟವು. ಅವು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ತಾಳೆಗರಿಯಾಗಿ ಉಳಿದುದರಿಂದಲೇ ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಲು ಸಾಧ್ಯವಾಯಿತು. ಕಲ್ಯಾಣದಿಂದ ಚಲಿಸಿದುದು ಇದೇ.

ಇನ್ನು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಪ್ರಶ್ನೆ. ಕಲ್ಯಾಣಕ್ಕೆ ಹೋಗಿ ಬಂದ ಮನೆಯಲ್ಲಿ ಮಗನದೋ ಮಗಳದೋ ಲಗ್ನದ ಮಾತು ಏಳುತ್ತದೆ. ಹುಡುಗನು ನಡೆವಂತ, ದುಡಿದು ಉಣ್ಣುವವನು, ಲಿಂಗನಿಷ್ಠನು. ಆದರೂ ಹಿರಿಯರು ಮೊದಲು ಕೇಳುವುದು ಒಳಪಂಗಡವನ್ನಲ್ಲವೆ? ಬಾಗಿಲಿಗೆ ಬಂದ ಕೆಲಸದವನಿಗೆ ಬೇರೆ ಲೋಟದಲ್ಲಿ ನೀರು ಕೊಡುವ ಮನೆಗಳು ಇಲ್ಲವೆ? ಹಾಗಿದ್ದಲ್ಲಿ ಆ ಮನೆಯವರು ಕಲ್ಯಾಣದಲ್ಲಿ ಕಂಡುದು ಕಲ್ಲನ್ನು ಮಾತ್ರ. ಹರಳಯ್ಯ ಮಧುವರಸರು ಪ್ರಾಣ ಕೊಟ್ಟು ಉತ್ತರಿಸಿದ ಪ್ರಶ್ನೆಗೆ ನಾವು ಪಂಕ್ತಿಯಲ್ಲಿ ಒಂದು ಎಲೆ ಹಾಕಿ, ಮನೆಯಲ್ಲಿ ಒಂದು ಸಂಬಂಧ ಬೆಳೆಸಿ ಉತ್ತರಿಸಲು ಹಿಂಜರಿಯುವುದು ನಾಚಿಕೆಯ ಸಂಗತಿ.

ಹೊಸಹಳ್ಳಿಯ ಭಕ್ತನು ಬಸವಕಲ್ಯಾಣದಿಂದ ಮರಳಿ ತನ್ನ ಮನೆಯ ಹೊಸ್ತಿಲ ಬಳಿ ನಿಂತಾಗ ಯಾತ್ರೆ ಮುಗಿಯಿತೆಂದು ತಿಳಿಯಲಾಗದು. ಹೊಸ್ತಿಲಾಚೆಯ ಆ ನಾಲ್ಕು ಹೆಜ್ಜೆಗಳೇ ಅದರ ಕಠಿನವಾದ ಭಾಗ. ಆ ಹೆಜ್ಜೆಗಳನ್ನಿಟ್ಟ ಮನೆಯೇ ಕಲ್ಯಾಣ. ಅದರ ಪಡಸಾಲೆಯೇ ಅನುಭವಮಂಟಪ.