ಗೇಟಿನಲ್ಲಿ ಕಾಯುವವರನ್ನು ಎಣಿಸು

ಹೊಸ ಬಡಾವಣೆಗಾಗಿ ಜಂಕ್ಷನ್‌ನಲ್ಲಿ ವಾಹನ ಎಣಿಸುವ ಕೆಲಸ ನಿನಗೆ ಬಂದಿದೆ ಅಂತ ಕೇಳಿ ಸಂತೋಷವಾಯಿತು ಕಣಪ್ಪ. ಹರದನಹಳ್ಳಿ ಕಡೆ ಹುಟ್ಟಿ ಬೆಳೆದವನು ನೀನು. ಹೊಳೆನರಸೀಪುರದ ದಾರಿಯಲ್ಲಿ ಯಾವ ಹೊತ್ತಿಗೆ ಯಾರು ಓಡಾಡುತ್ತಾರೆ ಅನ್ನುವುದು ಹೊರಗಿನಿಂದ ಬಂದ ಕನ್ಸಲ್ಟೆಂಟಿಗಿಂತ ನಿನಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ವರದಿಯೊಳಗೂ ಇಳಿಯಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಸರಾಸರಿಯ ವಿಷಯ. ಬಿಳಿಕೆರೆಯಿಂದ ಹೊಳೆನರಸೀಪುರ, ಹಾಸನದ ಮೇಲೆ ಬೇಲೂರಿಗೆ ಹೋಗುವ 373ನೇ ರಾಷ್ಟ್ರೀಯ ಹೆದ್ದಾರಿಗೆ ಹಳ್ಳಿರಸ್ತೆಯೊಂದು ಸೇರುವ ಗೇಟ್ ಅಂತ ಇಟ್ಟುಕೊ. ಸಿಗ್ನಲ್ ಇಲ್ಲ. ಹೆದ್ದಾರಿಯಲ್ಲಿ ಗಂಟೆಗೆ 900 ವಾಹನ ನಿಲ್ಲದೆ ಹೋಗುತ್ತವೆ, ಹಳ್ಳಿ ಕಡೆಯಿಂದ ಬಂದ 50 ವಾಹನ ತಲಾ 60 ಸೆಕೆಂಡ್ ಕಾಯುತ್ತವೆ. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಒಂದೊಂದು ವಾಹನಕ್ಕೆ ಮೂರು ಸೆಕೆಂಡ್ ಚಿಲ್ಲರೆ ಬರುತ್ತದೆ. ಅಮೆರಿಕದ ಹೈವೇ ಕೆಪಾಸಿಟಿ ಮ್ಯಾನ್ಯುಯಲ್ 1965ರಲ್ಲಿ ರಸ್ತೆಗೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಡುವ ಪದ್ಧತಿ ತಂದಿತು. ಅದರ ಈಗಿನ ಲೆಕ್ಕದಲ್ಲಿ ಸಿಗ್ನಲ್ ಇಲ್ಲದ ಜಂಕ್ಷನ್‌ನಲ್ಲಿ 10 ಸೆಕೆಂಡಿನೊಳಗೆ ಕಾದರೆ ‘ಎ’, 50 ಸೆಕೆಂಡ್ ದಾಟಿದರೆ ‘ಎಫ್’. ಮೂರು ಸೆಕೆಂಡ್ ತೋರಿಸಿ ‘ಎ’ ದರ್ಜೆ ಅಂತ ಬರೆದರೆ ಲೆಕ್ಕ ತಪ್ಪಲ್ಲ, ಆದರೆ ಹಳ್ಳಿಯವರ ‘ಎಫ್’ ಅದರಡಿ ಹೂತುಹೋಗುತ್ತದೆ. ಅದಕ್ಕೇ ಆ ಕೈಪಿಡಿ ಇಂಥ ಜಂಕ್ಷನ್‌ಗೆ ಒಟ್ಟಾರೆ ದರ್ಜೆಯನ್ನೇ ಕೊಡುವುದಿಲ್ಲ. ನೀನೂ ಕೊಡಬೇಡ. ಒಂದೊಂದು ಕಡೆಯಿಂದ ಬರುವವರ ಕಾಯುವಿಕೆಯನ್ನು ಬೇರೆ ಬೇರೆಯಾಗಿ ಬರೆ, ಬಲಕ್ಕೆ ತಿರುಗುವವರದ್ದನ್ನಂತೂ ಕಡ್ಡಾಯವಾಗಿ. ನಮ್ಮ ರಸ್ತೆಗಳಿಗೆ ಹೊಂದುವ ಅಂಕಿಗಳು ದೆಹಲಿಯ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯ 2017ರ ಇಂಡೋ-ಎಚ್‌ಸಿಎಂ ಅನ್ನುವ ಕೈಪಿಡಿಯಲ್ಲಿವೆ, ಅದನ್ನು ಪಕ್ಕದಲ್ಲಿಟ್ಟುಕೊ.

ಎಣಿಸುವಾಗ 15 ನಿಮಿಷಕ್ಕೊಂದು ಹಾಳೆ ಬದಲಾಯಿಸು. ಒಂದು ಗಂಟೆಯಲ್ಲಿ 600 ವಾಹನ ಬಂದವು, ಅದರಲ್ಲಿ 210 ಶಾಲೆ ಬಿಟ್ಟ ಕಾಲು ಗಂಟೆಯಲ್ಲೇ ಬಂದವು ಅನ್ನು. ಆ ಹೊತ್ತಿನ ಒತ್ತಡ ಗಂಟೆಗೆ 840ರ ಲೆಕ್ಕದ್ದು. ಬರಿ 600 ಬರೆದರೆ ಆ ಕಾಲು ಗಂಟೆಯ ಪಾಡು ಯಾರಿಗೂ ಕಾಣುವುದಿಲ್ಲ.

ಎಲ್ಲ ವಾಹನವನ್ನೂ ಒಂದೇ ಗೀಟಿನಲ್ಲಿ ಮುಗಿಸಬೇಡ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಐಆರ್‌ಸಿ 64ರಲ್ಲಿ ಹಳ್ಳಿಗಾಡಿನ ರಸ್ತೆಗೆ ಕಾರು 1 ಅಂದರೆ ಬೈಕು ಅರ್ಧ, ಬಸ್ಸು ಲಾರಿ 3, ಟ್ರೈಲರ್ ಕಟ್ಟಿದ ಟ್ರಾಕ್ಟರ್ 4.5, ಎತ್ತಿನ ಗಾಡಿ 8. ಲೋಡು ತುಂಬಿದ ಟ್ರಾಕ್ಟರ್ ಹೆದ್ದಾರಿ ದಾಟುವುದನ್ನು ಒಮ್ಮೆ ನಿಂತು ನೋಡು. ಮುಂದಿನ ಗಾಲಿ ಡಾಂಬರು ಹತ್ತಿದಾಗ ಟ್ರೈಲರ್ ಇನ್ನೂ ಮಣ್ಣುದಾರಿಯಲ್ಲಿ ಇರುತ್ತದೆ. ಎದುರಿನಿಂದ ಬರುವ ಕಾರಿನವನಿಗೆ ಅದರ ಉದ್ದ ಗೊತ್ತಾಗುವುದು ಹತ್ತಿರ ಬಂದ ಮೇಲೆ. ಬೈಕಿನವನು ನುಸುಳುವ ಸಂದಿನಲ್ಲಿ ಟ್ರಾಕ್ಟರಿನವನು ನುಗ್ಗಲಾರ, ಕಾಯಲೇಬೇಕು. ನಡೆದು ದಾಟುವ ಮಕ್ಕಳಿಗೆ, ಹಾಲಿನ ಕ್ಯಾನು ಹೊತ್ತವರಿಗೆ ಈ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಅವರಿಗಾಗಿ ಹಾಳೆಯಲ್ಲಿ ಇನ್ನೊಂದು ಕಾಲಂ ನೀನೇ ಎಳೆದುಕೊ.

ಯಾವ ದಿನ ಎಣಿಸಬೇಕು ಅಂತ ನಿನ್ನ ಆಫೀಸಿನವರು ಕೇಳಿದರೆ ಸುಮ್ಮನೆ ಯಾವುದೋ ಮಂಗಳವಾರ ಹೇಳಬೇಡ. ಒಂದು ಮಾಮೂಲಿ ದಿನ ಇರಲಿ, ಜೊತೆಗೆ ಸಂತೆ ದಿನವೂ ಇರಲಿ. ಅರಕಲಗೂಡು ಕಡೆ ಎಣಿಸುವುದಾದರೆ ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನ ಕಾಲ ಬಿಟ್ಟುಹೋಗಬಾರದು. ಚನ್ನರಾಯಪಟ್ಟಣದ ಕಡೆ ಕಬ್ಬಿನ ಗಾಡಿಗಳು ಸಾಲುಗಟ್ಟುವ ತಿಂಗಳು ಬೇರೆ. ಹಾಸನದಲ್ಲಿ ಹಾಸನಾಂಬೆ ಬಾಗಿಲು ತೆರೆದ ದಿನಗಳ ನೂಕುನುಗ್ಗಲು ಇಟ್ಟುಕೊಂಡು ರಸ್ತೆ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಫಸಲಿನ ಕಾಲ ವರ್ಷವರ್ಷವೂ ತಿಂಗಳುಗಟ್ಟಲೆ ಇರುತ್ತದಲ್ಲಪ್ಪ.

ಬಡಾವಣೆ ತುಂಬಲು ವರ್ಷಗಳೇ ಹಿಡಿಯುತ್ತವೆ. ಇವತ್ತು ಎದ್ದಿರುವ ನಾಲ್ಕು ಮನೆ ನೋಡಿ ಲೆಕ್ಕ ಹಾಕಬೇಡ, ಅಷ್ಟೂ ಸೈಟಿನಲ್ಲಿ ಮನೆ ಎದ್ದಂತೆ ಹಾಕು. ಪಕ್ಕದಲ್ಲೇ ಕಲ್ಯಾಣ ಮಂಟಪ ಬರುತ್ತಿದ್ದರೆ ಅದನ್ನೂ ಸೇರಿಸು. 2006ರ ಪರಿಸರ ಅಧಿಸೂಚನೆ 20,000 ಚದರ ಮೀಟರಿಗೂ ಮೇಲ್ಪಟ್ಟ ಕಟ್ಟಡ ಯೋಜನೆಗಳಿಗೆ ಮಾತ್ರ ಮುಂಚೆಯೇ ಅನುಮತಿ ಬೇಕು ಅನ್ನುತ್ತದೆ, ಒಳಗೆ ಹೋಗುವ ಹೊರಗೆ ಬರುವ ಜಾಗದಲ್ಲಿ ಸಂಚಾರ ಹೇಗೆ ನಿಭಾಯಿಸುತ್ತೀರಿ ಅಂತ ಆ ಅರ್ಜಿಯಲ್ಲೇ ಕೇಳುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಏಳುವ ಹೆಚ್ಚಿನ ಕಟ್ಟಡಗಳು ಅಷ್ಟು ದೊಡ್ಡವಲ್ಲ. ಒಂದೊಂದಾಗಿ ಬರುತ್ತವೆ, ಒಂದೊಂದೂ ಸಣ್ಣದೇ, ಎಲ್ಲದರ ಭಾರ ಬೀಳುವುದು ಅದೇ ಗೇಟಿನ ಮೇಲೆ. ಈ ಕೂಡಿಕೆಯನ್ನು ನೀನು ಬರೆಯದಿದ್ದರೆ ಇನ್ನಾರೂ ಬರೆಯಲಾರರು.

ಪರಿಹಾರ ಬರೆಯುವಾಗ ತಕ್ಷಣ ಸಿಗ್ನಲ್ ಅಥವಾ ಹಂಪು ಅನ್ನಬೇಡ. ಮೂಲೆಯ ಫ್ಲೆಕ್ಸು, ಪೊದೆ, ನಿಂತ ಲಾರಿ ತೆಗೆದರೆ ಎಷ್ಟು ದೂರ ಕಾಣುತ್ತದೆ ನೋಡು. ಬಲಕ್ಕೆ ತಿರುಗುವವರು ನಿಲ್ಲಲು ಜಾಗವಿದೆಯೇ ಅಳೆ. ಬಡಾವಣೆಯ ಬಾಗಿಲನ್ನು ಮೂಲೆಯಿಂದ ಒಳಕ್ಕೆ, ಹಳ್ಳಿರಸ್ತೆಯ ಕಡೆಗೆ ಸರಿಸಲಾಗುವುದೇ ಅಂತ ನಕ್ಷೆ ಕೈಯಲ್ಲಿರುವಾಗಲೇ ಕೇಳು. ಕಾಂಪೌಂಡ್ ಎದ್ದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಹೆದ್ದಾರಿಗೆ ನೇರವಾಗಿ ದಾರಿ ತೆಗೆಯಬೇಕಾದರೆ 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಂತೆ ಹೆದ್ದಾರಿ ಆಡಳಿತದ ಅನುಮತಿ ಬೇಕು. ಅದು ಸಿಕ್ಕಿದೆಯೇ ಅನ್ನುವುದನ್ನೂ ವರದಿಯಲ್ಲಿ ಬರೆ.

ಎಣಿಸಿದ ಹಾಳೆಗಳ ಒಂದು ಪ್ರತಿಯನ್ನು ದಿನಾಂಕ, ಹೊತ್ತು ಸಮೇತ ಗ್ರಾಮ ಪಂಚಾಯಿತಿಗೂ ಕೊಟ್ಟಿರು. ಬಡಾವಣೆ ಅರ್ಧ ತುಂಬಿದಾಗ ಅದೇ ತಿಂಗಳು, ಅದೇ ಹೊತ್ತಿಗೆ ಮತ್ತೆ ಎಣಿಸುವವರಿಗೆ ಹೋಲಿಸಿ ನೋಡಲು ಅದು ಬೇಕು.