ಮೊದಲು ನೋಡಿ, ಆಮೇಲೆ ಕೇಳಿ

ಕ್ರೈಸ್ತ ವಿಶ್ವಾಸವನ್ನು ಹೊಸದಾಗಿ ಅರಿಯಲು ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಹೊತ್ತು ತರುತ್ತಾರೆ: ಒಬ್ಬ ದೇವರಲ್ಲಿ ಮೂವರು ಹೇಗೆ? ರೊಟ್ಟಿ ಯೇಸುವಿನ ಶರೀರವಾಗುವುದು ಹೇಗೆ? ಉತ್ತರ ಸಿಕ್ಕ ಮೇಲೆಯೇ ಚರ್ಚಿಗೆ ಕಾಲಿಡುತ್ತೇನೆ ಎನ್ನುವವರೂ ಉಂಟು. ಸಭೆಯ ಹಳೆಯ ಕ್ರಮ ಇದಕ್ಕೆ ತಿರುವುಮುರುವು.

ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ದೀಕ್ಷಾಸ್ನಾನ ಬಯಸಿದವರಿಗೆ ತಪಸ್ಸುಕಾಲವಿಡೀ ಪಾಠ ನಡೆಯುತ್ತಿತ್ತು. ಆದರೆ ದೀಕ್ಷಾಸ್ನಾನ, ಪರಮಪ್ರಸಾದಗಳ ಒಳಗುಟ್ಟನ್ನು ಆಗಲೇ ಬಿಡಿಸುತ್ತಿರಲಿಲ್ಲ. ಪಾಸ್ಖದ ರಾತ್ರಿ ಅವರು ನೀರಿಗಿಳಿದು, ತೈಲ ಲೇಪಿಸಿಕೊಂಡು, ಪ್ರಸಾದ ಸ್ವೀಕರಿಸಬೇಕಿತ್ತು. ವಿವರಣೆ ಮುಂದಿನ ವಾರ. ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ಉಳಿದಿರುವ ಆ ಉಪನ್ಯಾಸಗಳು ಕಾರಣವನ್ನೂ ಕೊಡುತ್ತವೆ: ಕೇಳಿದ್ದಕ್ಕಿಂತ ಕಂಡದ್ದು ಮನಸ್ಸಿಗೆ ಗಟ್ಟಿಯಾಗಿ ನಾಟುತ್ತದೆ.

ಹೀಗೆ ಮೊದಲು ಕಣ್ಣಾರೆ ಕಾಣಲು ನಮ್ಮ ಶಿವಮೊಗ್ಗ ಜಿಲ್ಲೆಯೇ ಸಾಕು. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರ ಲ್ಯಾಟಿನ್ ಪದ್ಧತಿಯದು. ಪವಿತ್ರ ಹೃದಯ ಪ್ರಧಾನಾಲಯ ಅದರ ಕೇಂದ್ರ. 2007ರಲ್ಲಿ ರೂಪುಗೊಂಡ ಭದ್ರಾವತಿ ಧರ್ಮಕ್ಷೇತ್ರ ಸಿರೋ ಮಲಬಾರ್ ಪದ್ಧತಿಯದು. ಲ್ಯಾಟಿನ್ ಪದ್ಧತಿಯವರು ಬಲಿಪೂಜೆ ಎನ್ನುವುದನ್ನು ಸಿರೋ ಮಲಬಾರಿನವರು ಕುರ್ಬಾನ ಎನ್ನುತ್ತಾರೆ. ಕುರ್ಬಾನದಲ್ಲಿ ಶಾಂತಿಯ ಶುಭಾಶಯವು ಬಲಿಪೀಠದಿಂದ ಹೊರಟು, ಕೈಯಿಂದ ಕೈಗೆ ದಾಟಿ, ಕೊನೆಯ ಸಾಲಿನವರನ್ನೂ ತಲುಪುತ್ತದೆ. ಶಾಂತಿ ದೇವರ ಕೊಡುಗೆ ಎಂಬ ಬೋಧನೆ ಅಲ್ಲಿ ನಿಮ್ಮ ಅಂಗೈಗೇ ಬರುತ್ತದೆ. ಸಿರೋ ಮಲಬಾರ್ ಸಭೆಯವರು ತಮ್ಮ ಮೂಲಪುರುಷರೆಂದು ನಂಬುವ ಸಂತ ತೋಮಾಸರೂ ಯೇಸುವಿನ ಗಾಯವನ್ನು ಮುಟ್ಟಿ ನೋಡದೆ ನಂಬಲಾರೆ ಎಂದವರೇ. ಯೇಸು ಅವರನ್ನು ದೂರ ತಳ್ಳಲಿಲ್ಲ, ಕೈಚಾಚು ಎಂದರು.

ಚರ್ಚಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಎಲ್ಲರೂ ಎದ್ದಾಗ ಏಳಿ. ವಾಚನ, ಹಾಡು, ನಡುವಿನ ಮೌನ, ಎಲ್ಲಕ್ಕೂ ಕಿವಿಗೊಡಿ. ಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ಅದು ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರಿಗೆ.

ಏನೂ ಅನ್ನಿಸದಿದ್ದರೆ? ಗಾಬರಿ ಬೇಡ. ಅನುಭವವೆಂದರೆ ರೋಮಾಂಚನವೇ ಆಗಬೇಕಿಲ್ಲ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಬರಿದುತನವನ್ನೇ ಅನುಭವಿಸಿದರೆಂದು ಅವರ ಪತ್ರಗಳು ತಿಳಿಸುತ್ತವೆ. ಪ್ರಾರ್ಥನೆ ನಿಲ್ಲಲಿಲ್ಲ, ಸೇವೆಯೂ ನಿಲ್ಲಲಿಲ್ಲ. ಗಲಾತ್ಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಕೊಡುವ ಒರೆಗಲ್ಲು ಬೇರೆಯೇ: ಪ್ರೀತಿ, ಸಹನೆ, ದಯೆ, ಸಂಯಮ ಬೆಳೆಯುತ್ತಿವೆಯೇ? ಇದನ್ನು ನಿಮಗಿಂತ ಮೊದಲು ಮನೆಯವರೇ ಗುರುತಿಸುತ್ತಾರೆ.

ವಿಶ್ವಾಸದ ರಹಸ್ಯ ಎಂದರೆ ಬುದ್ಧಿಗೆ ಬೀಗವಲ್ಲ, ಎಷ್ಟು ಅರಿತರೂ ಮುಗಿಯದ್ದು. ಆದ್ದರಿಂದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಒಂದಷ್ಟು ಭಾನುವಾರ ಕಳೆದ ಮೇಲೆ ಗುರುಗಳ ಮುಂದಿಡಿ. ಕೆಲವು ಪ್ರಶ್ನೆಗಳು ಆಗ ಬದಲಾಗಿರುತ್ತವೆ. ಉಳಿದವನ್ನು ಬಿಡದೆ ಕೇಳಿ.